ರಕ್ತದ ಮಾತು ಸಾಕು, ಪಿ.ಟಿ. ಮೇಷ್ಟ್ರನ್ನು ಕೊಡಿ

‘ಹಾಕಿ ಕೊಡಗಿನವರ ರಕ್ತದಲ್ಲೇ ಇದೆ.’ ಈ ವಾರವೂ ಕೇಳಿದೆ. ಊರಿನ ಹಾಕಿ ಕ್ಲಬ್ಬೊಂದರ ಸಮಾರಂಭ, ವೇದಿಕೆ ತುಂಬ ಗಣ್ಯರು, ಎಲ್ಲರ ಕೈಯಲ್ಲೂ ದಪ್ಪ ಹಾಳೆಯ ಸ್ಮರಣ ಸಂಚಿಕೆ. ಮಾತು ಮುಗಿಯುವ ಮೊದಲೇ ಚಪ್ಪಾಳೆ. ನನಗೆ ಮಾತ್ರ ಮೈ ಉರಿಯಿತು. ವರ್ಷಗಟ್ಟಲೆ ಇದನ್ನು ಕೇಳಿಯೂ ಸುಮ್ಮನಿದ್ದೆ, ಇನ್ನು ಸುಮ್ಮನಿರಲಾರೆ. ಹೊಗಳಿಕೆಯ ವೇಷ ಹಾಕಿಕೊಂಡು ಬರುವ ಈ ಮಾತು ಕೊಡಗಿನ ಹಾಕಿಗೆ ಮಾಡಿದಷ್ಟು ಹಾನಿಯನ್ನು ಅಲ್ಲಿನ ಮಳೆಯೂ ಮಾಡಿಲ್ಲ.

ಸಂಚಿಕೆಯಲ್ಲಿ ‘ನಮ್ಮ ಹೆಮ್ಮೆಯ ಅಂತರರಾಷ್ಟ್ರೀಯ ಆಟಗಾರರು’ ಎಂಬ ಪಟ್ಟಿ ಇತ್ತು. ಜಿಲ್ಲೆಯಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಕೊಂಡ ಪಟ್ಟಿ. ಅದು ಸುಳ್ಳಲ್ಲ, ಉತ್ಪ್ರೇಕ್ಷೆಯೂ ಅಲ್ಲ. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, ಮರುವರ್ಷದ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡದ ನಾಯಕ. ಬಿ.ಪಿ. ಗೋವಿಂದ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಎತ್ತಿದವರಲ್ಲಿ ಒಬ್ಬರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ಗೆ ತಂಡವನ್ನು ಕರೆದೊಯ್ದರು. ಗೋಲು ಕಾಯಲು ಎ.ಬಿ. ಸುಬ್ಬಯ್ಯ ಬಾರ್ಸಿಲೋನಾಕ್ಕೂ ಹೋದರು, ಅಟ್ಲಾಂಟಾಕ್ಕೂ ಹೋದರು. ಆಮೇಲೆ ಅರ್ಜುನ್ ಹಾಲಪ್ಪ. ಇನ್ನು 2016ರ ರಿಯೊ ತಂಡ: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಹದಿನಾರು ಜನರ ತಂಡದಲ್ಲಿ ನಾಲ್ವರು! ದೇಶದ ಕಾಲು ಭಾಗ ತಂಡವನ್ನು ಒಂದು ಪುಟ್ಟ ಜಿಲ್ಲೆಯೇ ಕೊಟ್ಟಿತ್ತು.

ಪಟ್ಟಿ ಅಲ್ಲಿಗೆ ನಿಂತಿದೆ ಎಂಬುದನ್ನು ವೇದಿಕೆಯ ಮೇಲಿದ್ದ ಯಾರೂ ಗಮನಿಸಲಿಲ್ಲ.

ಟೋಕಿಯೊದಲ್ಲಿ ಭಾರತಕ್ಕೆ 41 ವರ್ಷಗಳ ಮೇಲೆ ಒಲಿಂಪಿಕ್ ಹಾಕಿ ಪದಕ ಬಂತು. ಆ ತಂಡದಲ್ಲಿ ಕೊಡಗಿನ ಒಬ್ಬನೂ ಇರಲಿಲ್ಲ, ಇಡೀ ಕರ್ನಾಟಕದಿಂದಲೇ ಒಬ್ಬ ಇರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂತು. ಆಗಲೂ ಇಲ್ಲ. ಅದೇ 2024ರ ಬೇಸಿಗೆಯಲ್ಲಿ ನಾಪೋಕ್ಲಿನ ಚೆರಿಯಪರಂಬು ಮೈದಾನದಲ್ಲಿ ಕೊಡವ ಕುಟುಂಬಗಳ ಹಾಕಿ ನಡೆದು, 360 ತಂಡಗಳು ಆಡಿ, ಗಿನ್ನೆಸ್ ದಾಖಲೆಯೂ ಆಯಿತು. ಮರುವರ್ಷ ಮಡಿಕೇರಿಯಲ್ಲಿ 396 ತಂಡಗಳು. ಜಗತ್ತಿನ ಅತಿ ದೊಡ್ಡ ಹಾಕಿ ಹಬ್ಬ ಮಾಡಿದ ಜಿಲ್ಲೆಯಿಂದ, 2024ರ ಒಲಿಂಪಿಕ್ ತಂಡಕ್ಕೆ ಒಬ್ಬನೂ ಆಯ್ಕೆಯಾಗಲಿಲ್ಲ. ಆಟ ರಕ್ತದಲ್ಲೇ ಇದ್ದಿದ್ದರೆ ಎಂಟು ವರ್ಷದಲ್ಲಿ ಅದು ಬತ್ತಿಹೋಗುತ್ತಿತ್ತೇ?

ಅದು ರಕ್ತದಲ್ಲಿ ಎಂದೂ ಇರಲಿಲ್ಲ. ಗಣೇಶ್ ಅವರನ್ನೇ ನೋಡಿ. ಹುಡುಗನಾಗಿದ್ದಾಗ ಅವರು ಕೊಡಗಿನ ಪರವಾಗಿ ಆಡಿದ್ದು ಫುಟ್‌ಬಾಲ್. ಹಾಕಿಯಲ್ಲಿ ಹೆಸರು ಮಾಡಿದ್ದು ಸೇನೆ ಸೇರಿ ಸರ್ವಿಸಸ್ ತಂಡಕ್ಕೆ ಆಡಿದ ಮೇಲೆ. ಗೋವಿಂದ, ಹಾಲಪ್ಪ, ಸುನಿಲ್ ಮೂವರೂ ಸೋಮವಾರಪೇಟೆಯವರು. ಒಂದೇ ಸಣ್ಣ ಪೇಟೆ, ಒಂದರ ಹಿಂದೆ ಒಂದು ತಲೆಮಾರು. ಸುನಿಲ್ ಬಡಗಿಯ ಮಗ. ಸ್ಟಿಕ್ ಕೊಳ್ಳಲು ದುಡ್ಡಿಲ್ಲದ ದಿನಗಳಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು. 2009ರಲ್ಲಿ ಅಜ್ಲಾನ್ ಷಾ ಕಪ್ ಆಡುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು, ತಂಡ ಬಿಟ್ಟು ಬರಲಿಲ್ಲ. ಮುಂದೆ ಏಷ್ಯಾದ ವರ್ಷದ ಆಟಗಾರ ಎನಿಸಿಕೊಂಡರು. ಅವರ ಓಟದ ವೇಗಕ್ಕೆ ಡಿಫೆಂಡರುಗಳು ಬೆಚ್ಚುತ್ತಿದ್ದರು. ಆ ವೇಗವನ್ನು ‘ರಕ್ತ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಅವರ ಬೆವರಿಗೆ ಮಾಡುವ ಅವಮಾನ.

ಹಾಗಾದರೆ ಆಟಗಾರರನ್ನು ತಯಾರು ಮಾಡಿದ್ದು ಏನು? ಸೇನೆ, ಕ್ರೀಡಾ ಹಾಸ್ಟೆಲ್, ಶಾಲೆ, ಊರಿನ ಕ್ಲಬ್. ಈ ನಾಲ್ಕರಲ್ಲಿ ಮೊದಲ ಎರಡರ ಹೆಸರು ಕಡತಗಳಲ್ಲಿ ಉಳಿಯುತ್ತದೆ. ಶಾಲೆಯ ಮೇಷ್ಟ್ರು, ಕ್ಲಬ್ಬಿನ ಕೋಚ್ ಎಲ್ಲಿಯೂ ಉಳಿಯುವುದಿಲ್ಲ. ಸ್ಮರಣ ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದೆ. ಮಂತ್ರಿಗಳ ಸಂದೇಶ, ಶಾಸಕರ ಸಂದೇಶ, ಕಾಫಿ ಕ್ಯೂರಿಂಗಿನವರ ಜಾಹೀರಾತು, ಹೋಮ್‌ಸ್ಟೇ ಜಾಹೀರಾತು. ಕ್ಲಬ್ಬಿನ ಮಕ್ಕಳಿಗೆ ಬೆಳಿಗ್ಗೆ ಆರಕ್ಕೆ ಬಂದು ಆಟ ಹೇಳಿಕೊಟ್ಟವರ ಹೆಸರು ಒಂದು ಸಾಲಿನಲ್ಲೂ ಇಲ್ಲ.

ಅಂಥ ಒಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೆಸರು ಹೇಳಿದರೆ ಅವರೇ ಬೇಜಾರು ಮಾಡಿಕೊಳ್ಳುತ್ತಾರೆ, ಹಾಗಾಗಿ ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಮನೆಯ ಹಿಂದಿನ ಜಗಲಿಯಲ್ಲಿ ಒಂದು ಗೋಣಿಚೀಲದ ತುಂಬ ಸೀಳಿದ ಸ್ಟಿಕ್‌ಗಳು. ಸಂಜೆ ಕೂತು ಸೀಳಿಗೆ ಅಂಟು ತುಂಬಿ, ಟ್ವೈನ್ ದಾರವನ್ನು ಒಂದರ ಪಕ್ಕ ಒಂದು ಸುರುಳಿ ಕೂಡುವ ಹಾಗೆ ಬಿಗಿದು ಸುತ್ತಿ, ಬೆಳಿಗ್ಗೆ ಒಣಗಿದ ಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರು. ಎತ್ತರಕ್ಕೆ ತಕ್ಕ ಹಾಗೆ ಸ್ಟಿಕ್ ಆರಿಸಿ ಕೊಡುವುದರಲ್ಲಿ ಬಹಳ ಕಟ್ಟುನಿಟ್ಟು. ‘ದೊಡ್ಡ ಸ್ಟಿಕ್ ಹಿಡಿದು ಕಲಿತ ಹುಡುಗ ಜೀವನಪೂರ್ತಿ ಬೆನ್ನು ಬಗ್ಗಿಸುವುದಿಲ್ಲ, ಮಾರಾಯ’ ಎನ್ನುತ್ತಿದ್ದರು. ಮಕ್ಕಳನ್ನು ಆಯ್ಕೆ ಟ್ರಯಲ್ಸ್‌ಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವಾಗ ಟಿಕೆಟ್ಟಿನ ದುಡ್ಡು ಅವರ ಸಂಬಳದ್ದೇ. ಹುಡುಗಿಯರಿದ್ದರೆ ಹೆಂಡತಿಯನ್ನೂ ಹೊರಡಿಸುತ್ತಿದ್ದರು, ತಿಂಡಿಯ ಡಬ್ಬಿ ಆಕೆಯದು. ಅವರು ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಆಟದ ಪಿರಿಯಡ್‌ನಲ್ಲಿ ಈಗ ಗಣಿತ ನಡೆಯುತ್ತದೆ.

ಪಿ.ಟಿ. ಮೇಷ್ಟ್ರ ವಿಷಯ ನಾನು ಮತ್ತೆ ಮತ್ತೆ ಎತ್ತುತ್ತೇನೆ ಎಂದು ಓದುಗರೊಬ್ಬರು ಪತ್ರ ಬರೆದು ದೂರಿದ್ದರು. ಹೌದು, ಎತ್ತುತ್ತೇನೆ. ಮುಂದೆಯೂ ಎತ್ತುತ್ತೇನೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಎಂಬ ಜೀವಿ ಸದ್ದಿಲ್ಲದೆ ಕಾಣೆಯಾಗುತ್ತಿದೆ. ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತದೆ, ಮಕ್ಕಳ ಸಂಖ್ಯೆ ಕಡಿಮೆ ಇರುವ ಕಡೆ ಹುದ್ದೆಯನ್ನೇ ಕೊಡುವುದಿಲ್ಲ. ಕೊಡಗಿನ ಗುಡ್ಡಗಾಡಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಎಲ್ಲಿಂದ ಬರಬೇಕು? ತೋಟದ ಲೈನ್‌ಮನೆಗಳಿಂದ, ಹಾಡಿಗಳಿಂದ ಬರುವ ಮಕ್ಕಳಿಗೆ ಶಾಲೆಯ ಅಂಗಳ ಬಿಟ್ಟರೆ ಬೇರೆ ಮೈದಾನವಿಲ್ಲ. ಖಾಸಗಿ ಶಾಲೆಗೆ ಹೋಗುವವರಿಗೆ ಶುಲ್ಕ ಕೊಟ್ಟರೆ ಕೋಚಿಂಗ್ ಸಿಗುತ್ತದೆ. ಬಿದಿರಿನ ಕೋಲಿನ ಹುಡುಗ ಎಲ್ಲಿಗೆ ಹೋಗಬೇಕು?

ಮೇಷ್ಟ್ರ ಜೊತೆಗೆ ನೆಲವೂ ಬದಲಾಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಬಂತು. ಆ ತಂಡದಲ್ಲಿ ಗೋವಿಂದ ಅವರೂ ಇದ್ದರು. ಮಣ್ಣಿನ ಮೈದಾನದಲ್ಲಿ ಚೆಂಡು ಯಾವಾಗ ಜಿಗಿಯುತ್ತದೋ ಹೇಳಲಾಗದು. ಹುಡುಗರು ಕಣ್ಣನ್ನು ಚೆಂಡಿನ ಮೇಲಿಂದ ತೆಗೆಯದೆ, ಮೊದಲು ನಿಲ್ಲಿಸಿ, ಆಮೇಲೆ ತಲೆ ಎತ್ತಿ ಜೊತೆಗಾರ ಎಲ್ಲಿದ್ದಾನೆ ಎಂದು ನೋಡುತ್ತಾರೆ. ನೀರು ಹಾಯಿಸಿದ ಟರ್ಫ್ ಮೇಲೆ ಅಷ್ಟು ಹೊತ್ತಿಗೆ ಎದುರಾಳಿ ಚೆಂಡು ಕಸಿದು ಇಪ್ಪತ್ತೈದು ಗಜ ಹೋಗಿರುತ್ತಾನೆ. ಅಲ್ಲಿ ಚೆಂಡು ನೇರವಾಗಿ, ವೇಗವಾಗಿ ಜಾರಿ ಬರುತ್ತದೆ. ತಲೆ ಎತ್ತಿಕೊಂಡೇ ಅದನ್ನು ತಡೆಯಬೇಕು, ತಡೆದ ಕ್ಷಣವೇ ಸಾಗಹಾಕಬೇಕು. ಇನ್ನು ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕ್. ರಘುನಾಥ್ ಅವರಿಗೆ ಹೆಸರು ತಂದುಕೊಟ್ಟ ವಿದ್ಯೆ ಅದು. ಚೆಂಡನ್ನು ಸ್ಟಿಕ್ಕಿನ ಕೊಕ್ಕೆಯಲ್ಲಿ ಕೂರಿಸಿಕೊಂಡು ನೆಲದ ಮೇಲೆ ಎಳೆದು ಎಸೆಯುವುದನ್ನು ಕಲ್ಲುಮಣ್ಣಿನ ಮೈದಾನದಲ್ಲಿ ಕಲಿಯಲು ಸಾಧ್ಯವೇ ಇಲ್ಲ. ಹದಿನೈದು ವರ್ಷದವರೆಗೆ ಮಣ್ಣಿನಲ್ಲಿ ಆಡಿ, ಆಮೇಲೆ ಟರ್ಫ್ ಹತ್ತಿದ ಹುಡುಗ ಕಲಿತದ್ದನ್ನೆಲ್ಲ ಮರೆತು ಹೊಸದಾಗಿ ಶುರು ಮಾಡಬೇಕು. ಅಷ್ಟರಲ್ಲಿ ಅವನ ವಯಸ್ಸಿನ ಪಂಜಾಬಿ ಹುಡುಗ ಜೂನಿಯರ್ ಶಿಬಿರದಲ್ಲಿರುತ್ತಾನೆ.

ಮಳೆಯ ಲೆಕ್ಕವನ್ನೂ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಣ್ಣಿನ ಮೈದಾನ ಕೆಸರುಗದ್ದೆ. ಒಣಗಿ ಗಟ್ಟಿಯಾಗುವ ಹೊತ್ತಿಗೆ ಕಾಫಿ ಕೊಯ್ಲು, ಅದು ಮುಗಿಯುವ ಹೊತ್ತಿಗೆ ಪರೀಕ್ಷೆ. ಮಕ್ಕಳಿಗೆ ನಿಜವಾಗಿ ಉಳಿಯುವುದು ಬೇಸಿಗೆ ರಜೆ. ವರ್ಷಪೂರ್ತಿ ಆಡಿಸಬೇಕಾದರೆ ನೀರು ಬಸಿದುಹೋಗುವ ಟರ್ಫ್ ಬೇಕು. ಮಡಿಕೇರಿ, ಪೊನ್ನಂಪೇಟೆ, ಕೂಡಿಗೆಗಳಲ್ಲಿ ಟರ್ಫ್ ಬಂದಿದೆ, ಅಲ್ಲಿ ಹಾಸ್ಟೆಲ್ ಮಕ್ಕಳು ಆಡುತ್ತಾರೆ. ಒಳ್ಳೆಯದು. ಆದರೆ ಹಾಸ್ಟೆಲ್‌ಗೆ ಮಗು ಬರುವ ಮೊದಲು ಯಾರೋ ಅದನ್ನು ಗುರುತಿಸಬೇಕಲ್ಲ? ತಿರುಗಿ ಅದೇ ಪಿ.ಟಿ. ಮೇಷ್ಟ್ರ ಬಳಿಗೇ ಬಂದು ನಿಲ್ಲುತ್ತೇವೆ.

ಊರುಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂಬುದಕ್ಕೆ ಪಂಜಾಬಿನ ಜಲಂಧರ್ ಮಗ್ಗುಲಲ್ಲೇ ಪಾಠವಿದೆ. ಸಂಸಾರಪುರ ಎಂಬ ಹಳ್ಳಿ 14 ಒಲಿಂಪಿಯನ್ನರನ್ನು ಕೊಟ್ಟಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆ ಒಂದೇ ಹಳ್ಳಿಯ ಐವರು ಭಾರತಕ್ಕೂ ಇಬ್ಬರು ಕೀನ್ಯಾಕ್ಕೂ ಆಡಿದರು. ಗೋವಿಂದ ಅವರಿದ್ದ 1975ರ ವಿಶ್ವಕಪ್ ತಂಡದ ನಾಯಕ ಅಜಿತ್‌ಪಾಲ್ ಸಿಂಗ್ ಅದೇ ಹಳ್ಳಿಯವರು. ಅಲ್ಲಿಯೂ ಕುಲಾರ್ ವಂಶದ ರಕ್ತ ಎಂದೇ ಜನ ಹೇಳುತ್ತಿದ್ದರು. ದಂಡುಪ್ರದೇಶದ ಪಕ್ಕದಲ್ಲಿದ್ದ ಊರಿಗೆ ಸೈನಿಕರ ಆಟ ನೋಡಿ ಕಲಿಯುವ ಭಾಗ್ಯವಿತ್ತು ಎಂಬುದನ್ನು ಮರೆತರು. ಜನ ವಿದೇಶಕ್ಕೆ ಹೊರಟರು, ಟರ್ಫ್ ಕಾಲ ಬಂತು, ಸಂಸಾರಪುರ ಹೆಸರಿಗಷ್ಟೇ ಉಳಿಯಿತು. ಅದೇ ಜಲಂಧರ್ ಪಕ್ಕದ ಮಿಠಾಪುರದಿಂದ ಪರ್ಗತ್ ಸಿಂಗ್ ಬಂದರು, ಅವರ ಹಿಂದೆ ಹುಡುಗರು ಬಂದರು. ಟೋಕಿಯೊ ತಂಡದ ನಾಯಕ ಮನ್‌ಪ್ರೀತ್ ಸಿಂಗ್, ಜೊತೆಗೆ ಮನ್‌ದೀಪ್ ಸಿಂಗ್, ವರುಣ್ ಕುಮಾರ್, ಮೂವರೂ ಮಿಠಾಪುರದವರೇ.

ಒಡಿಶಾದ ಮಾತೇ ಬೇರೆ. ಸುಂದರ್‌ಗಢ ಜಿಲ್ಲೆಯ ಸೌನಾಮಾರಾ ಹಳ್ಳಿ ದಿಲೀಪ್ ಟಿರ್ಕಿಯನ್ನು ಕೊಟ್ಟಿತು, ಮುಂದೆ ಅಮಿತ್ ರೋಹಿದಾಸ್‌ರನ್ನೂ ಕೊಟ್ಟಿತು. ಆದಿವಾಸಿಗಳ ರಕ್ತ ಎಂದು ಭಾಷಣ ಮಾಡಿ ಒಡಿಶಾ ಸರ್ಕಾರ ಸುಮ್ಮನಾಗಲಿಲ್ಲ. 1985ರಲ್ಲೇ ರೂರ್ಕೆಲಾದ ಪಾನ್‌ಪೋಷ್‌ನಲ್ಲಿ ಕ್ರೀಡಾ ಹಾಸ್ಟೆಲ್ ತೆರೆಯಿತು. 2018ರಿಂದ ದೇಶದ ಹಾಕಿ ತಂಡಗಳ ಪ್ರಾಯೋಜಕತ್ವವನ್ನೇ ಹೊತ್ತುಕೊಂಡಿತು. ಸುಂದರ್‌ಗಢದ 17 ಬ್ಲಾಕ್‌ಗಳಲ್ಲೂ ಟರ್ಫ್ ಹಾಸುವ ಯೋಜನೆ ಹಿಡಿಯಿತು. ನಮ್ಮದು ಐ.ಟಿ. ರಾಜಧಾನಿಯ ರಾಜ್ಯ, ಒಡಿಶಾಕ್ಕಿಂತ ಸಿರಿವಂತ ರಾಜ್ಯ. ಮೂರು ತಾಲ್ಲೂಕುಗಳದ್ದಾಗಿದ್ದು ಈಚೆಗೆ ಐದಾದ ಒಂದು ಪುಟ್ಟ ಜಿಲ್ಲೆಗೆ ಇಷ್ಟು ಮಾಡಲು ನಮ್ಮಿಂದ ಆಗಲಿಲ್ಲ.

ಕೊಡವ ಕುಟುಂಬಗಳ ಆ ಹಾಕಿ ಹಬ್ಬವನ್ನು, ‘ಹಾಕಿ ನಮ್ಮೆ’ಯನ್ನು, ನಾನು ಹಳಿಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಬ್ಯಾಂಕಿನ ಕೆಲಸದಲ್ಲಿದ್ದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಈ ಪಂದ್ಯಾವಳಿ ಕೊಡವ ಸಮಾಜಕ್ಕೆ ಏನು ಕೊಟ್ಟಿದೆ ಎಂಬುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ. ದುಬೈಯಿಂದ ರಜೆ ಹಾಕಿ ಬಂದವನು ಗೋಲಿನಲ್ಲಿ. ಒಕ್ಕದ, ಅಂದರೆ ಮನೆತನದ, ಹೆಸರು ಬೆನ್ನ ಮೇಲೆ. ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂತು ಕೂಗುವುದನ್ನು ನೋಡಿ ಕಣ್ಣು ತುಂಬಿಕೊಂಡಿದ್ದೇನೆ. ಕುಟ್ಟಪ್ಪನವರು ಒಕ್ಕಗಳನ್ನು ಒಂದುಗೂಡಿಸಲು ಹೊರಟಿದ್ದರು, ಅದು ಆಗಿದೆ. ಒಲಿಂಪಿಯನ್ನರನ್ನು ತಯಾರು ಮಾಡುವುದು ಆ ಹಬ್ಬದ ಕೆಲಸವಲ್ಲ. ಅದು ವರ್ಷದ ಉಳಿದ ಹನ್ನೊಂದು ತಿಂಗಳ ಕೆಲಸ. ಒಕ್ಕದ ಹೆಸರಿಲ್ಲದ ಮಕ್ಕಳೂ ಅಲ್ಲಿ ಇರಬೇಕು. ಊರಿನ ಕ್ಲಬ್‌ಗಳು ಹಿಂದೆ ಅದನ್ನೇ ಮಾಡುತ್ತಿದ್ದವು: ಬಂದವರಿಗೆಲ್ಲ ಸ್ಟಿಕ್ ಕೊಡುತ್ತಿದ್ದವು. ಈಗ ಅವುಗಳ ಬಳಿ ವಾರ್ಷಿಕೋತ್ಸವಕ್ಕೆ ಹಣವಿದೆ, ಒಬ್ಬ ಗೋಲ್‌ಕೀಪರ್‌ಗೆ ಪ್ಯಾಡ್, ಕಿಕ್ಕರ್, ಹೆಲ್ಮೆಟ್ ಕೊಡಿಸಲು ಇಲ್ಲ. ಶಾಮಿಯಾನದ ಬಾಡಿಗೆಯಲ್ಲಿ ಎಷ್ಟು ಸ್ಟಿಕ್ ಬರುತ್ತಿತ್ತು ಎಂದು ಲೆಕ್ಕ ಹಾಕಿದ ಪದಾಧಿಕಾರಿ ಒಬ್ಬರೂ ಇಲ್ಲವೇ?

ರಕ್ತದ ಮಾತು ಅಧಿಕಾರದಲ್ಲಿರುವವರಿಗೆ ಇಷ್ಟವಾಗುವುದು ಅದಕ್ಕೆ ಖರ್ಚಿಲ್ಲ ಎಂಬ ಕಾರಣಕ್ಕೆ. ರಕ್ತದಲ್ಲೇ ಇರುವ ಆಟಕ್ಕೆ ಕೋಚ್ ಬೇಡ, ಮೇಷ್ಟ್ರು ಬೇಡ, ಬಜೆಟ್ಟಿನಲ್ಲಿ ಸಾಲು ಬೇಡ. ನಾನು ಕೇಳುತ್ತಿರುವುದು ಅಂತರರಾಷ್ಟ್ರೀಯ ಕ್ರೀಡಾಂಗಣವನ್ನಲ್ಲ. ಕೊಡಗಿನ ಪ್ರತಿ ಸರ್ಕಾರಿ ಹೈಸ್ಕೂಲಿಗೆ ಒಬ್ಬ ಕಾಯಂ ದೈಹಿಕ ಶಿಕ್ಷಣ ಶಿಕ್ಷಕ, ಮಕ್ಕಳಿಗೆ ಅಳತೆಗೆ ತಕ್ಕ ಸ್ಟಿಕ್, ಹತ್ತಿರದ ಟರ್ಫ್‌ಗೆ ವಾರಕ್ಕೆರಡು ದಿನ ಕರೆದೊಯ್ಯಲು ಒಂದು ವಾಹನ. ಹಣಕಾಸು ಇಲಾಖೆ ಒಪ್ಪುತ್ತಿಲ್ಲ ಎಂಬ ಹಳೆಯ ಉತ್ತರವನ್ನು ದಯವಿಟ್ಟು ಯಾರೂ ಕೊಡಬೇಡಿ. ಮೈಕ್ ಮುಂದೆ ನಿಂತು ಲಕ್ಷಗಳ ಅನುದಾನ ಘೋಷಿಸುವ ದಿನ ನೀವು ಹಣಕಾಸು ಇಲಾಖೆಯನ್ನು ಕೇಳಿದ್ದನ್ನು ನಾವಂತೂ ನೋಡಿಲ್ಲ.