ಮೀನಿನ ತೊಟ್ಟಿಗೂ ಒಂದು ಕೋಡಿ ಬೇಕು ಸ್ವಾಮೀ!

"ಓವರ್‌ಫ್ಲೋ ಎಲ್ಲ ಮನೇಲಿ ಮಾಡೋಕೆ ಹೋಗ್ಬೇಡಿ ಸರ್, ಮನೆಯೇ ಕೆರೆ ಆಗುತ್ತೆ. ಕಂಪನಿದು ತಗೊಳ್ಳಿ" ಅಂತಾರೆ ಅಕ್ವೇರಿಯಂ ಅಂಗಡಿಯವರು. ನನ್ನ ಹಾಗೇ ಕೋಡ್ ಕುಟ್ಟುವ ಗೆಳೆಯರದ್ದು ಇನ್ನೊಂದು ತುದಿ: "ಒಂದು ಪೈಪು, ನಾಲ್ಕು ಎಲ್ಬೋ, ಭಾನುವಾರ ಮುಗಿಸಿಬಿಡು ಮಗಾ." ನನ್ನ ತಕರಾರು ಇಬ್ಬರ ಮೇಲೂ ಇದೆ. ಕರೆಂಟ್ ಹೋಗಿ ಬಂದರೆ ಏನಾಗುತ್ತೆ ಅಂತ ಇಬ್ಬರೂ ಕೇಳಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಮೀನಿನ ತೊಟ್ಟಿಯ ಕೆಳಗೆ ಸಂಪ್ ಅಂತ ಇನ್ನೊಂದು ತೊಟ್ಟಿ ಇಟ್ಟು, ಫಿಲ್ಟರ್ ಎಲ್ಲ ಅದರಲ್ಲಿ ಹಾಕ್ತಾರೆ. ಪಂಪು ನೀರನ್ನು ಮೇಲಕ್ಕೆ ಕಳಿಸುತ್ತೆ. ಹೆಚ್ಚಾದ ನೀರು ತಾನಾಗಿ ಕೆಳಗೆ ಇಳಿಯೋ ದಾರಿಯೇ ಓವರ್‌ಫ್ಲೋ. ಕೆರೆಗೆ ಕೋಡಿ ಇದ್ದ ಹಾಗೆ. ಗಾಜಿಗೆ ತೂತು ಕೊರೆಸಿದರೆ ಅದು ಅಸಲಿ ಕೋಡಿ. ಆದರೆ ಟಫನ್ಡ್ ಗಾಜನ್ನು ಕೊರೆದರೆ ಪುಡಿಪುಡಿ. ಆಗ ಉಳಿಯೋದು ಸೈಫನ್ನು. ಅಂಚಿಗೆ ನೇತುಹಾಕೋ ಕಂಪನಿ ಡಬ್ಬದಲ್ಲಿ ಇರೋದೂ ಅದೇ ಸೈಫನ್ನು ಸ್ವಾಮೀ!

ಮನೆಯಲ್ಲಿ ಮಾಡೋದು ಹೀಗೆ. ಪಿವಿಸಿ ಪೈಪನ್ನು ಗಾಜಿನ ಅಂಚಿನ ಮೇಲೆ ಹಾಯಿಸಿ, ಒಳಗೊಂದು ಹೊರಗೊಂದು 'ಯು' ತಿರುವು ಕೊಡಬೇಕು. ಹೊರಗಿನ ಯು ಮೇಲೆದ್ದ ಕಡೆ ಒಂದು ಟೀ, ಅಲ್ಲಿಂದ ಸಂಪಿಗೆ ಪೈಪು. ಟೀ ಬಾಯಿ ಮೇಲಕ್ಕೆ ತೆರೆದೇ ಇರಬೇಕು. ಕರೆಂಟ್ ಹೋದಾಗ ನೀರು ಹೆಚ್ಚೆಂದರೆ ಆ ಟೀ ಮಟ್ಟಕ್ಕೆ ಇಳಿದು ನಿಲ್ಲುತ್ತೆ. ಎರಡೂ ತಿರುವಲ್ಲಿ ನೀರು ಉಳಿಯೋದರಿಂದ ಗಾಳಿ ನುಗ್ಗಲ್ಲ, ಕರೆಂಟ್ ಬಂದ ಕೂಡಲೇ ಮತ್ತೆ ಹರಿಯುತ್ತೆ. ಟೀ ಬಾಯಿ ಚೆನ್ನಾಗಿ ಕಾಣಲ್ಲ ಅಂತ ಮುಚ್ಚಿದಿರೋ, ಕಥೆ ಮುಗೀತು.

ಈಗ ಲೆಕ್ಕಕ್ಕೆ ಬನ್ನಿ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರು ಅಂದ್ರೆ 5.4 ಲೀಟರ್. ಕರೆಂಟ್ ಹೋಗಿ 5 ಸೆಂ.ಮೀ. ಇಳಿದರೆ 27 ಲೀಟರ್ ಸಂಪಿಗೆ ಬರುತ್ತೆ. ಅಷ್ಟು ಜಾಗ ಸಂಪಿನಲ್ಲಿ ಖಾಲಿ ಇದೆಯಾ? ಮೇಲೆ ನೀರು ಬಿಡೋ ಪೈಪಿನ ಬಾಯಿ ಆಳದಲ್ಲಿದ್ದರೆ ಅದೂ ಹಿಂದಕ್ಕೆ ಎಳೆಯುತ್ತೆ. ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಆ ಪೈಪಿಗೊಂದು ಸಣ್ಣ ತೂತು ಹಾಕಿ. ಚೆಕ್ ವಾಲ್ವನ್ನೇ ನಂಬಬೇಡಿ, ಪಾಚಿ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚಲ್ಲ.

"ನಮ್ಮನೇಲಿ ಯುಪಿಎಸ್ ಇದೆ" ಅಂತೀರಾ? ಹರಿವು ನಿಧಾನ ಆದರೆ ಪೈಪಿನ ನೆತ್ತಿಯಲ್ಲಿ ಗುಳ್ಳೆ ಸೇರುತ್ತೆ, ಒಂದು ದಿನ ಸೈಫನ್ ಕಡಿಯುತ್ತೆ. ಪಂಪಿಗೆ ಅದು ಗೊತ್ತಾಗಲ್ಲ, ಮೇಲಕ್ಕೆ ತಳ್ಳುತ್ತಲೇ ಇರುತ್ತೆ. ನಿಮ್ಮ ಯುಪಿಎಸ್ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತೆ! ಮರದ ನೆಲ, ಎಕ್ಸ್‌ಟೆನ್ಷನ್ ಬಾಕ್ಸು, ಕೆಳಗಿನ ಮನೆಯವರ ಸೀಲಿಂಗು, ಎಲ್ಲಕ್ಕೂ ಅಭಿಷೇಕ. ತೊಟ್ಟಿಯ ಮೇಲೆ 4 ಸೆಂ.ಮೀ. ಖಾಲಿ ಇದ್ದರೆ 21 ಲೀಟರ್‌ಗೆ ಜಾಗ ಇದೆ. ಸಂಪಿನಲ್ಲಿ ಪಂಪು ಇರೋ ಕೋಣೆಯ ನೀರು ಅದಕ್ಕಿಂತ ಕಡಿಮೆ ಇರಲಿ. ಆಗ ಸೈಫನ್ ಕೈಕೊಟ್ಟರೂ ಪಂಪು ಒಣಗಿ ಕೆಡಬಹುದು ಅಷ್ಟೇ, ನೆಲ ಒದ್ದೆಯಾಗಲ್ಲ.

ಸೈಫನ್ ಅಂದ್ರೆ ಆಟಿಕೆ ಅನ್ನೋರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ನೋಡಿ ಬನ್ನಿ. ಶಿಂಷಾ ನದಿಯ ನೀರು ತುಂಬಿದಾಗ ಅಲ್ಲಿನ ಸೈಫನ್ನುಗಳು ತಾವಾಗೇ ಹೊರಹಾಕುತ್ತವೆ. ಗೇಟು ತೆರೆಯೋಕೆ ಯಾರೂ ಓಡಬೇಕಿಲ್ಲ. ನಮ್ಮ ಪೈಪು ಅಷ್ಟು ಜಾಣ ಅಲ್ಲ, ಒಮ್ಮೆ ಕಡಿದರೆ ತಾನಾಗಿ ಶುರುವಾಗಲ್ಲ. ಹಾಗಾಗಿಯೇ ಈ ಲೆಕ್ಕ.

ಆದ್ದರಿಂದ ಅಂಗಡಿಯವರೇ, ಹೆದರಿಸಬೇಡಿ, ಲೆಕ್ಕ ಹೇಳಿಕೊಡಿ. ಗೆಳೆಯರೇ, ಜುಗಾಡ್ ಅಂತ ಎದೆ ತಟ್ಟಿಕೊಳ್ಳೋ ಮೊದಲು ಹತ್ತು ಸಲ ಸ್ವಿಚ್ ಆರಿಸಿ ಹಾಕಿ. ಪಂಪು ಓಡ್ತಾ ಇರುವಾಗಲೇ ಸೈಫನ್ನಿಗೆ ಬೇಕೂಂತಲೇ ಗಾಳಿ ಬಿಟ್ಟು ಕೆಡಿಸಿ, ಪಕ್ಕದಲ್ಲಿ ನಿಂತು ನೋಡಿ. ನೆಲ ಒಣಗಿಯೇ ಇದ್ದರೆ ಆಮೇಲೆ ಮೀನು ಬಿಡಿ.

ಏನಂತೀರಿ?