ಬಿಲ್ವದ ಚಿಗುರು ಮತ್ತು ನಿಂಬೆ ಚಿಟ್ಟೆ

ಪೂಜೆಗೆಂದು ಪತ್ರೆ ಬಿಡಿಸಲು ಹೋದವರು ಬಿಲ್ವದ ಎಳೆಯ ಎಲೆಗಳೆಲ್ಲ ಅಂಚಿನಿಂದ ಕೊರೆದುಹೋಗಿರುವುದನ್ನು ಕಂಡು ಮನನೊಂದುಕೊಳ್ಳುವುದು ಸಹಜ. ಮೂರು ದಳಗಳೂ ಊನವಿಲ್ಲದೆ ಇರಬೇಕೆಂಬುದು ಸಂಪ್ರದಾಯ. ಆದರೆ ಅದಕ್ಕಾಗಿ ಶಾಲೆಯ ಅಂಗಳದ ಮರಕ್ಕೆ ಕೀಟನಾಶಕ ಸಿಂಪಡಿಸುವ ಯೋಚನೆಯನ್ನು ಕೈಬಿಡುವುದೇ ಲೇಸು.

ಎಲೆ ತಿಂದ ಆ ಹುಳು ಸಾಮಾನ್ಯವಾಗಿ ನಿಂಬೆ ಚಿಟ್ಟೆಯ ಮರಿ. 1758ರಲ್ಲಿ ಲಿನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು ಇದಕ್ಕೆ ಪೆಪಿಲಿಯೊ ಡೆಮೋಲಿಯಸ್ ಎಂದು ಹೆಸರಿಟ್ಟನು. ಕಪ್ಪು ರೆಕ್ಕೆಯ ತುಂಬ ಹಳದಿ ಮಚ್ಚೆಗಳು, ಹಿಂದಿನ ರೆಕ್ಕೆಯಲ್ಲೊಂದು ಇಟ್ಟಿಗೆಗೆಂಪು ಬೊಟ್ಟು. ಬೆಳೆದ ಚಿಟ್ಟೆ ಹತ್ತಾರು ಬಗೆಯ ಹೂಗಳ ಮಕರಂದವನ್ನು ಹೀರುವುದುಂಟು. ಮೊಟ್ಟೆಯಿಡುವಾಗ ಮಾತ್ರ ಅದಕ್ಕೆ ಅಂಥ ಔದಾರ್ಯವಿಲ್ಲ. ನಿಂಬೆ, ಕಿತ್ತಳೆ, ಕರಿಬೇವು, ಬೇಲ, ಬಿಲ್ವ ಇವುಗಳನ್ನೇ ನಮ್ಮಲ್ಲಿ ಅದು ಅರಸುತ್ತದೆ. ಹೊರನೋಟಕ್ಕೆ ಬೇರೆಬೇರೆಯಾದರೂ ಇವೆಲ್ಲ ಒಂದೇ ಸಸ್ಯಕುಟುಂಬಕ್ಕೆ ಸೇರಿದವು; ಎಲೆಯನ್ನು ಬೆರಳಿನಲ್ಲಿ ಹಿಸುಕಿದರೆ ಸಾಕು, ಮೂಗೇ ಆ ನಂಟನ್ನು ಹೇಳುತ್ತದೆ. ಹೆಣ್ಣು ಚಿಟ್ಟೆಯು ಮುಂಗಾಲುಗಳಿಂದ ಎಲೆಯನ್ನು ತಟ್ಟಿ, ಅದರ ರುಚಿಯನ್ನರಿತು, ಚಿಗುರಿನ ಮೇಲೆ ಒಂದೊಂದೇ ಮೊಟ್ಟೆಯನ್ನಿಡುತ್ತದೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದು, ಬೆಳೆದಂತೆ ಎಲೆಹಸಿರಾಗುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಚಾಚಿ ಘಾಟುವಾಸನೆ ಬೀರುವುದು. ಪಠ್ಯಪುಸ್ತಕದ ಯಾವ ಚಿತ್ರವೂ ಮಕ್ಕಳಿಗೆ ಇಷ್ಟು ಬೆರಗನ್ನು ನೀಡಲಾರದು.

ಮಹದೇವಪುರದ ಮಕ್ಕಳಿಗೆ ಇದು ಇನ್ನೂ ಅಗತ್ಯ. ನೆರೆಯ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಆರಂಭವಾದದ್ದು. 1990ರ ದಶಕದಿಂದೀಚೆಗೆ ಈ ಸೀಮೆಯ ಹೊಲತೋಟಗಳಿದ್ದೆಡೆ ತಂತ್ರಾಂಶ ಸಂಸ್ಥೆಗಳ ಸೌಧಗಳೆದ್ದವು. 2007ರಲ್ಲಿ ಮಹದೇವಪುರವು ಬೆಂಗಳೂರಿನ ಮಹಾನಗರ ಪಾಲಿಕೆಯಲ್ಲಿ ಸೇರಿತು. ಸೌಧಗಳ ಸುತ್ತ ಹಸಿರಿಲ್ಲವೆಂದಲ್ಲ. ಆದರೆ ಹುಲ್ಲುಹಾಸು, ಕ್ರೋಟನ್ ಗಿಡಗಳ ಆ ಹಸಿರಿನಲ್ಲಿ ಈ ಹುಳುವಿಗೆ ಒಂದು ತುತ್ತೂ ಇಲ್ಲ. ಹೂಗಿಡಗಳನ್ನು ನೆಟ್ಟರೆ ಚಿಟ್ಟೆಗಳು ಬಂದುಹೋದಾವು. ಅಲ್ಲಿ ಸಂಸಾರ ಹೂಡಲಾರವು.

ನಿಂಬೆಯ ಸಸಿಗಳನ್ನು ಬೆಳೆಸಿ ಮಾರುವ ರೈತನ ಮಾತು ಬೇರೆ. ಎಳೆಯ ಸಸಿಯನ್ನು ಈ ಹುಳು ಬೋಳಿಸಿಬಿಡಬಲ್ಲದು. ಆತ ಅದನ್ನು ಆರಿಸಿ ತೆಗೆಯುವುದು ತಪ್ಪಲ್ಲ. ಆದರೆ ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳದ ಮಠದ ಅಂಗಳದಲ್ಲಿ ನಾಲ್ಕು ಚಿಗುರುಗಳ ಲೆಕ್ಕ ಹಾಕುವುದು ಶೋಭಿಸದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅಲಂಕಾರದ ಕುಂಡಗಳ ಬದಲು ಎರಡು ಬಿಲ್ವ, ಒಂದು ನಿಂಬೆ, ಒಂದಿಷ್ಟು ಕರಿಬೇವಿನ ಸಸಿಗಳನ್ನು ಶಾಲೆಗೆ ಕೊಡಲಿ. ಮರ ಬೆಳೆದ ಮೇಲೆ ಪೂಜೆಗೂ ಕೊರತೆಯಾಗದು: ಹುಳು ಬಯಸುವುದು ಎಳೆಯ ಎಲೆಯನ್ನು; ಬಲಿತ ಪತ್ರೆ ಮೇಲಿನ ಕೊಂಬೆಗಳಲ್ಲಿ ಹಾಗೆಯೇ ಉಳಿದಿರುತ್ತದೆ.