ಒದರ್ರಿ, ಹುಡುಗ್ಯಾರ! (ಭಾಗ 3)

"ಹುಡುಗ್ಯಾರು ಹಿಂಗ ಒದರಬಾರದು" ಅನ್ನೋರು ಕಬಡ್ಡಿ ನೋಡಿಲ್ಲೇನ್ರೀ? "ಕಬಡ್ಡಿ ಕಬಡ್ಡಿ" ಅನ್ನೋದು ನಿಂತರ ರೈಡರ್ ಔಟ್. ಖೋ-ಖೋದಾಗ "ಖೋ" ಗಟ್ಟಿಯಾಗಿ ಹೇಳದಿದ್ದರ ಫೌಲ್. 2025ರ ಜನವರಿಯಲ್ಲಿ ಖೋ-ಖೋ ವಿಶ್ವಕಪ್ ಫೈನಲ್‌ನಾಗ ನೇಪಾಳವನ್ನು 78-40ರಿಂದ ಸೋಲಿಸಿದ ನಮ್ಮ ಹುಡುಗ್ಯಾರು, ಅವರೊಳಗ ಮೈಸೂರು ಜಿಲ್ಲೆಯ ಬಿ. ಚೈತ್ರಾ, ಬಾಯಿ ಮುಚ್ಚಿಕೊಂಡು ಗೆದ್ದವರಲ್ಲ.

ಸಾಫ್ಟ್‌ಬಾಲ್‌ನಾಗ ಕೂಗೋದು ನಿಯಮ ಅಲ್ಲ, ಆದ್ರ ಬೇಕೇ ಬೇಕು. ಚೆಂಡು ಮ್ಯಾಲೆ ಹೋದಾಗ ಇಬ್ಬರ ಕಣ್ಣೂ ಆಕಾಶದಾಗ; "ನಂದು!" ಅನ್ನದಿದ್ದರ ತಲಿಗೆ ತಲಿ ಬಡೀತಾವ. ಬೇಸ್‌ಗಳ ನಡುವೆ ಬರೀ 60 ಅಡಿ. ಎಲ್ಲಿಗೆ ಎಸೀಬೇಕು ಅಂತ ಕ್ಯಾಚರ್ ಕೂಗಬೇಕು, ಇಡೀ ಮೈದಾನ ಎದುರಿಗೆ ಕಾಣೋದು ಆಕಿಗಷ್ಟ.

ಎದುರಾಳಿಯನ್ನ ಬೈಯೋದು ಬ್ಯಾರೆ, ಅದು ಬ್ಯಾಡ. ಗೆಳತಿಗೆ ಕೂಗಿ ಹೇಳೋದು ಆಟ. ಗದಗ, ಶಿರಹಟ್ಟಿ, ಮುಂಡರಗಿ ಹುಡುಗ್ಯಾರ, ಗಟ್ಟಿಯಾಗಿ ಒದರ್ರಿ!